ಶೇ 43 ಅಂದ್ರೆ ಯಾವುದರ ಶೇ 43?

2024ರ ಮೇ ತಿಂಗಳು, ಲೋಕಸಭೆ ಚುನಾವಣೆ ನಡೆಯುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯಿಂದ ಒಂದು ವರದಿ ಬಂತು. 1950ರಿಂದ 2015ರ ನಡುವೆ ದೇಶದ ಜನಸಂಖ್ಯೆಯಲ್ಲಿ ಹಿಂದೂಗಳ ಪಾಲು ಶೇ 7.82ರಷ್ಟು ಇಳಿದಿದೆ, ಮುಸ್ಲಿಮರ ಪಾಲು ಶೇ 43.15ರಷ್ಟು ಏರಿದೆ ಅಂತ. ಟಿವಿಗೆ ಅಷ್ಟು ಸಾಕಾಯ್ತು. ಪರದೆ ತುಂಬಾ 43. ವಾಟ್ಸಾಪ್ ಗ್ರೂಪುಗಳಲ್ಲೂ 43.

ಈ ಲೆಕ್ಕ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1950ರಲ್ಲಿ ನೂರು ಜನರಲ್ಲಿ ಮುಸ್ಲಿಮರು 9.84 ಇದ್ದರು, 2015ಕ್ಕೆ 14.09 ಆದರು. ಅಂದರೆ 65 ವರ್ಷದಲ್ಲಿ ನೂರಕ್ಕೆ ನಾಲ್ಕು ಚಿಲ್ಲರೆ ಜಾಸ್ತಿ. ಆ ನಾಲ್ಕು ಚಿಲ್ಲರೆಯನ್ನು ಹಳೆಯ 9.84ಕ್ಕೆ ಹೋಲಿಸಿದರೆ 43 ಬರುತ್ತದೆ. ಹತ್ತು ರೂಪಾಯಿಯ ಸಾಮಾನಿಗೆ ನಾಲ್ಕು ರೂಪಾಯಿ ಏರಿದರೆ ಶೇ 40, ಎಂಬತ್ತರ ಸಾಮಾನಿಗೆ ಅದೇ ನಾಲ್ಕು ಏರಿದರೆ ಬರೀ ಶೇ 5 ಅಲ್ವಾ, ಹಾಗೆ. ಹಿಂದೂಗಳು 84.68ರಿಂದ 78.06ಕ್ಕೆ ಬಂದರು. ನೂರರ ಲೆಕ್ಕದಲ್ಲಿ ನೋಡಿದರೆ ಇದು 6.6ರ ಇಳಿಕೆ, ಆ ಕಡೆಯ ಏರಿಕೆಗಿಂತ ದೊಡ್ಡದು! ಆದರೆ ಶೇ 7.82 ಅಂದರೆ ಯಾರೂ ಬೆಚ್ಚಿಬೀಳುವುದಿಲ್ಲ, 43 ಅಂದರೆ ಬೀಳುತ್ತಾರೆ.

ಅದೇ ವರದಿಯಲ್ಲಿ ಸಿಖ್ಖರ ಪಾಲು 1.24ರಿಂದ 1.85ಕ್ಕೆ ಏರಿದೆ. 43 ತಂದ ಸೂತ್ರವನ್ನೇ ಇಲ್ಲಿಗೂ ಹಾಕಿ, ಶೇ 49 ಬರುತ್ತದೆ. ಮುಸ್ಲಿಮರಿಗಿಂತ ಜಾಸ್ತಿ. ಪತ್ರಿಕೆಗಳಲ್ಲಿ ಬಂದದ್ದು ಮಾತ್ರ 6.58! ಒಂದು ಕ್ಯಾಲ್ಕುಲೇಟರ್ ಒತ್ತಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. (ಅಂದಹಾಗೆ, ವರದಿಯ ಈ ಅಂಕಿಗಳು ನಮ್ಮ ಜನಗಣತಿಯವಲ್ಲ, ಒಂದು ಅಂತಾರಾಷ್ಟ್ರೀಯ ದತ್ತಾಂಶದಿಂದ ತೆಗೆದವು. 2021ರಲ್ಲಿ ಆಗಬೇಕಿದ್ದ ಜನಗಣತಿ ಈ ವರದಿ ಬರುವ ಹೊತ್ತಿಗೂ ಆಗಿರಲಿಲ್ಲ.)

ಇನ್ನು ನಮ್ಮ ಕಡೆಯವರು, ಅಂದರೆ ನಾನು ಒಪ್ಪುವ ಮಾತಾಡುವವರು, ಸಾಚಾ ಅಂದುಕೊಳ್ಳಬೇಡಿ. 'ಮುಸ್ಲಿಮರ ಬೆಳವಣಿಗೆ ದರ ಹಿಂದೂಗಳಿಗಿಂತ ವೇಗವಾಗಿ ಇಳಿಯುತ್ತಿದೆ' ಎಂದು ಬರೆಯುತ್ತಾರೆ. ನಿಜ. 1991-2001ರ ದಶಕದಲ್ಲಿ ಶೇ 29.5 ಇದ್ದದ್ದು ಮುಂದಿನ ದಶಕದಲ್ಲಿ 24.6 ಆಯ್ತು, ಹಿಂದೂಗಳದ್ದು 19.9ರಿಂದ 16.8. ಆದರೆ 24.6 ಈಗಲೂ 16.8ಕ್ಕಿಂತ ಜಾಸ್ತಿ ತಾನೇ? ಆ ಅರ್ಧ ವಾಕ್ಯವನ್ನು ನುಂಗಿಬಿಡುತ್ತಾರೆ. ಎದುರಿನವನು ಅದನ್ನೇ ಹುಡುಕಿ ತೆಗೆದಾಗ ಉಳಿದ ನಿಜಕ್ಕೂ ಬೆಲೆ ಇರುವುದಿಲ್ಲ.

ನನಗೆ ಸಿಟ್ಟು ಬರುವುದು ಪರದೆ ಮೇಲೆ ಬಾರದ ಅಂಕಿಗಳ ಬಗ್ಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಒಬ್ಬ ಹೆಣ್ಣುಮಗಳಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕದಲ್ಲಿ ಹಿಂದೂಗಳದ್ದು 1.94, ಮುಸ್ಲಿಮರದ್ದು 2.36. 1992-93ರಲ್ಲಿ ಇದೇ ಲೆಕ್ಕ 3.3 ಮತ್ತು 4.4 ಇತ್ತು. ಈಗ ಅಂತರ ಅರ್ಧ ಮಗುವೂ ಇಲ್ಲ. ಬಿಹಾರಕ್ಕೂ ನಮ್ಮ ಕರ್ನಾಟಕಕ್ಕೂ ಇರುವ ಅಂತರ ಇದರ ಮೂರು ಪಟ್ಟು, ಅಲ್ಲಿ 3, ಇಲ್ಲಿ 1.7. ಶಾಲೆ ಮೆಟ್ಟಿಲು ಹತ್ತದ ಹೆಂಗಸರಿಗೆ 2.8, ಹನ್ನೆರಡು ವರ್ಷಕ್ಕಿಂತ ಕಡಿಮೆ ಇಲ್ಲದಂತೆ ಓದಿದವರಿಗೆ 1.8. ಇಷ್ಟು ದೊಡ್ಡ ವ್ಯತ್ಯಾಸ ಕಣ್ಣೆದುರಿಗಿದ್ದರೂ ಚರ್ಚೆ ಮಾತ್ರ ಧರ್ಮ ಬಿಟ್ಟು ಹೆಣ್ಣುಮಕ್ಕಳ ಶಾಲೆ ಕಡೆ ಹೊರಳುವುದೇ ಇಲ್ಲ.