ಅದಿತಿ ಅಶೋಕ್ ಎಲ್‌ಪಿಜಿಎ ಟ್ರೋಫಿ ಎತ್ತುತ್ತಾರಾ? ಪರ–ವಿರೋಧ

(ಎಲ್‌ಪಿಜಿಎ: ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಟೂರ್, ಅಂದರೆ ವರ್ಷವಿಡೀ ನಡೆಯುವ ಟೂರ್ನಿಗಳ ಸರಣಿ.)

ಪರ: ಎತ್ತೇ ಎತ್ತುತ್ತಾರೆ

2021ರ ಆಗಸ್ಟ್ 7, ಶನಿವಾರ. ಗಾಲ್ಫ್ ಗಂಧಗಾಳಿ ಇಲ್ಲದ ನಮ್ಮ ಮನೆಯಲ್ಲಿ ಕಾಫಿಗೂ ಮುಂಚೆ ಟಿವಿ ಹಾಕಿದ್ದೆವು. "ಬರ್ಡಿ ಅಂದ್ರೆ ಒಳ್ಳೇದಾ ಕೆಟ್ಟದ್ದಾ?" ಎಂದು ಅಮ್ಮ ಮೂರು ಸಲ ಕೇಳಿದರು. ಒಳ್ಳೇದು, ಹೋಲ್‌ಗೆ ಗೊತ್ತುಮಾಡಿದ ಹೊಡೆತಗಳಿಗಿಂತ (ಅದೇ ಪಾರ್) ಒಂದು ಕಡಿಮೆ ಅಂತ ಗೊತ್ತಾದ ಮೇಲೆ ಪ್ರತಿ ಹೋಲ್‌ಗೂ ಬರ್ಡಿ ಬೇಕು ಅಂತ ಕೂತುಬಿಟ್ಟರು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಎರಡನೇ ಸ್ಥಾನದಲ್ಲಿದ್ದರು. ನಡುವೆ ಗುಡುಗು ಮಳೆ ಬಂದು ಆಟ ನಿಂತಿತು. ಮತ್ತೆ ಶುರುವಾಯಿತು. ಕೊನೆಯ ಹೋಲ್‌ನ ಬರ್ಡಿ ಪಟ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ, ಬೀಳಲಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋದರು.

ನಾಲ್ಕು ಸುತ್ತುಗಳಲ್ಲಿ 67, 66, 68, 68 ಹೊಡೆತ. ಒಟ್ಟು 15 ಅಂಡರ್, ಅಂದರೆ ಪಾರ್‌ಗಿಂತ 15 ಕಡಿಮೆ. ಕಂಚಿಗೂ ಅದಿತಿಗೂ ಒಂದೇ ಹೊಡೆತದ ಅಂತರ. ಮುಂದಿದ್ದವರು ಯಾರು ಅಂತ ನೋಡಿ: ಆಗ ವಿಶ್ವದ ನಂಬರ್ 1 ಆಗಿದ್ದ ನೆಲ್ಲಿ ಕೊರ್ಡಾ, ಮನೆಯಂಗಳದಲ್ಲಿ ಆಡುತ್ತಿದ್ದ ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ. ಅದಿತಿಯ ರ್‍ಯಾಂಕಿಂಗ್ 200. ಕೋವಿಡ್ ಬಂದು ವಾಸಿಯಾಗಿ ಜಾಸ್ತಿ ದಿನವೂ ಆಗಿರಲಿಲ್ಲ. ಮೊದಲೇ ದೂರ ಹೊಡೆಯದವರು, ಮೈಯಲ್ಲಿನ ಶಕ್ತಿ ಇನ್ನಷ್ಟು ಇಳಿದಿತ್ತು. ಕೋಲುಗಳ ಬ್ಯಾಗ್ ಹೊತ್ತಿದ್ದವರು ಅವರ ಅಮ್ಮ.

ಹಾಗಾದರೆ ಅಲ್ಲಿವರೆಗೆ ತಂದದ್ದು ಏನು? ಪಟರ್, ಪಟ್ ಹೊಡೆಯುವ ಕೋಲು. ಗಾಲ್ಫ್‌ನಲ್ಲಿ ನನಗೆ ಇಷ್ಟವಾಗುವ ವಿಷಯವೇ ಇದು. ಇನ್ನೂರೈವತ್ತು ಗಜ ಹಾರಿದ ಹೊಡೆತಕ್ಕೂ ಒಂದೇ ಲೆಕ್ಕ, ಒಂದು ಗೇಣು ಉರುಳಿದ ಹೊಡೆತಕ್ಕೂ ಒಂದೇ ಲೆಕ್ಕ. ದೊಡ್ಡ ಆಟಗಾರ್ತಿಯರು ಒಂದು ಸುತ್ತಿನಲ್ಲಿ 70 ಹೊಡೆತ ಹೊಡೆದರೆ ಅದರಲ್ಲಿ 30ರ ಆಸುಪಾಸು ಪಟ್‌ಗಳೇ. ಅದಿತಿ ಗಾಲ್ಫ್ ಹಿಡಿದಿದ್ದು ಐದಾರು ವರ್ಷದ ವಯಸ್ಸಿನಲ್ಲಿ, ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಮೈದಾನದಲ್ಲಿ. ದೊಮ್ಮಲೂರಿನ ಎಂಬಸಿ ಗಾಲ್ಫ್ ಲಿಂಕ್ಸ್ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಕಿಟಕಿಯಾಚೆ ಕಾಣುತ್ತದಲ್ಲ, ಅದೇ ಹಸಿರು. ಅಷ್ಟು ಚಿಕ್ಕ ಮಗು ದೂರದ ಹೊಡೆತದ ಕೋಲಾದ ಡ್ರೈವರ್ ಬೀಸಿದರೆ ಚೆಂಡು ಎಷ್ಟು ದೂರ ಹೋದೀತು? ಗುಳಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಪಟಿಂಗ್ ಗ್ರೀನ್ ಮೇಲಾದರೆ ಮಗುವೂ ದೊಡ್ಡವರಿಗೆ ಸಮ. ಆ ಕೈಗುಣ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಊಹೆ.

ದೂರ ಹೊಡೆಯದವರು ಗೆಲ್ಲಲ್ಲ ಅನ್ನೋರಿಗೆ ಮೋ ಮಾರ್ಟಿನ್ ಹೆಸರು ಹೇಳುತ್ತೇನೆ. ಟೂರ್‌ನಲ್ಲೇ ಅತಿ ಕಡಿಮೆ ದೂರ ಹೊಡೆಯುವವರಲ್ಲಿ ಒಬ್ಬರು. 2014ರಲ್ಲಿ ರಾಯಲ್ ಬರ್ಕ್‌ಡೇಲ್‌ನಲ್ಲಿ ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದರು. ಅದು ಮೇಜರ್, ವರ್ಷದ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು! ಕೊರಿಯಾದ ಇನ್ಬೀ ಪಾರ್ಕ್ ಕೂಡ ತೋಳ್ಬಲ ನೆಚ್ಚಿಕೊಂಡವರಲ್ಲ. ಏಳು ಮೇಜರ್, ಜೊತೆಗೆ ರಿಯೊ ಒಲಿಂಪಿಕ್ಸ್ ಚಿನ್ನ.

ಇನ್ನು 2023 ನೋಡಿ. ಫೆಬ್ರವರಿಯಲ್ಲಿ ಕೀನ್ಯಾ ಓಪನ್, ಅದೂ 9 ಹೊಡೆತಗಳ ಅಂತರದಲ್ಲಿ. ನವೆಂಬರ್‌ನಲ್ಲಿ ಸ್ಪೇನ್ ಓಪನ್. ಅಲ್ಲಿಗೆ ಯುರೋಪ್ ಟೂರ್‌ನಲ್ಲಿ ಐದು ಗೆಲುವು. ನಡುವೆ ಲಾಸ್ ಏಂಜಲೀಸ್‌ನಲ್ಲಿ ಎಲ್‌ಪಿಜಿಎ ಟ್ರೋಫಿಗೆ ಅದಿತಿ ಸೇರಿ ಸಮಸಮ ಬಂದ ಮೂವರ ಪ್ಲೇಆಫ್ (ನಿರ್ಣಾಯಕ ಆಟ), ಗೆದ್ದವರು ಹ್ಯಾನಾ ಗ್ರೀನ್. ನಾಲ್ಕು ದಿನ ಆಡಿ ಸಮಸಮ ಬಂದವರಿಗೆ ಆ ಟೂರ್‌ನಲ್ಲಿ ಗೆಲ್ಲುವ ಆಟ ಇಲ್ಲ ಅನ್ನೋದು ಹೇಗೆ? ಅಂಥ ಇನ್ನೊಂದು ಭಾನುವಾರ ಬೇಕು, ಅಷ್ಟೇ.

ವಿರೋಧ: ಕಷ್ಟ ಇದೆ

ಮೇಲೆ ಬರೆದವರ ಅಮ್ಮನಿಗೆ ನನ್ನ ನಮಸ್ಕಾರ. ನಾನೂ ಆ ದಿನ ಟಿವಿ ಮುಂದೆಯೇ ಇದ್ದೆ. ಆದರೆ ಪ್ರೀತಿ ಬೇರೆ, ಲೆಕ್ಕ ಬೇರೆ.

ಮೋ ಮಾರ್ಟಿನ್ ಕಥೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆ ಬ್ರಿಟಿಷ್ ಓಪನ್ ಬಿಟ್ಟರೆ ಅವರು ಬೇರೆ ಎಲ್‌ಪಿಜಿಎ ಟೂರ್ನಿ ಗೆದ್ದೇ ಇಲ್ಲ. ಅವರನ್ನು ಎಲ್ಲರೂ ನೆನೆಯುವುದೇ ಅಂಥದ್ದು ಅಪರೂಪ ಅನ್ನೋ ಕಾರಣಕ್ಕೆ. ಇನ್ಬೀ ಪಾರ್ಕ್ ತೀರಾ ಹಿಂದೆ ಬೀಳುತ್ತಿದ್ದವರೂ ಅಲ್ಲ, ಮಧ್ಯಮ ದೂರದವರು.

ಒಂದೇ ಒಂದು ಹೋಲ್ ತಗೊಳ್ಳೋಣ. 400 ಗಜದ ಪಾರ್-4, ಅಂದರೆ ನಾಲ್ಕು ಹೊಡೆತ ಗೊತ್ತುಮಾಡಿದ ಹೋಲ್. ಕೊರ್ಡಾ ಥರದವರು ಟೀ (ಹೋಲ್ ಶುರುವಾಗುವ ಜಾಗ) ಇಂದ 270 ಗಜ ಹೊಡೆದರು ಅಂದುಕೊಳ್ಳಿ. ಉಳಿದದ್ದು 130. ಕೈಗೆ ಬರೋದು ಗಿಡ್ಡ ಕೋಲು, 9 ಐರನ್ನೋ 8 ಐರನ್ನೋ. ಚೆಂಡು ಮೇಲಕ್ಕೆ ಹೋಗಿ, ಗ್ರೀನ್ ಮೇಲೆ ಬಿದ್ದು, ಅಲ್ಲೇ ಕೂರುತ್ತದೆ. ಅದಿತಿ 235 ಗಜ ಹೊಡೆದರೆ ಉಳಿದದ್ದು 165. ಅಲ್ಲಿಂದ ಉದ್ದ ಕೋಲು ಬೇಕು: ಹೈಬ್ರಿಡ್ ಹಿಡಿಯಬೇಕು, ಇಲ್ಲಾ ವುಡ್. ಆ ಕ್ಲಬ್‌ನಿಂದ ಹೋದ ಚೆಂಡು ತಗ್ಗಾಗಿ ಬಂದು, ಬಿದ್ದ ಮೇಲೂ ಓಡುತ್ತದೆ. ಒಬ್ಬರಿಗೆ ಹನ್ನೆರಡು ಅಡಿಯ ಪಟ್, ಇನ್ನೊಬ್ಬರಿಗೆ ಮೂವತ್ತು ಅಡಿಯದ್ದು. ಪಟರ್ ಎಷ್ಟೇ ಮಾತು ಕೇಳಲಿ, ಮೂವತ್ತು ಅಡಿಯದನ್ನು ದಿನಾ ಹಾಕೋಕೆ ಯಾರಿಂದಲೂ ಆಗಲ್ಲ. ಮಳೆ ಬಂದರಂತೂ ಕೇಳಲೇಬೇಡಿ. ಭಾನುವಾರ ಮಾತ್ರ ಆಡುವ ನನ್ನಂಥವನಿಗೂ ಗೊತ್ತು, ಒದ್ದೆ ಹುಲ್ಲಿನಲ್ಲಿ ಚೆಂಡು ಬಿದ್ದಲ್ಲೇ ಕೂತುಬಿಡುತ್ತದೆ. ಉರುಳಿ ಸಿಗುತ್ತಿದ್ದ ಹತ್ತಿಪ್ಪತ್ತು ಗಜವೂ ಹೋಯಿತು. ಇದರ ನೋವು ಮೊದಲು ತಟ್ಟುವುದು ಕಡಿಮೆ ದೂರದವರಿಗೇ.

ಟೋಕಿಯೊದ ನಾಲ್ಕನೇ ಸ್ಥಾನ ದೊಡ್ಡದು, ಒಪ್ಪಿದೆ. ಆದರೆ ಅಲ್ಲಿ ಆಡಿದ್ದು 60 ಜನ. ಒಂದು ದೇಶದಿಂದ ನಾಲ್ಕಕ್ಕಿಂತ ಜಾಸ್ತಿ ಜನ ಬರುವಂತಿಲ್ಲ. ಎಲ್‌ಪಿಜಿಎ ವಾರದಲ್ಲಿ ಆ ಬೇಲಿ ಇಲ್ಲ. 140ಕ್ಕೂ ಹೆಚ್ಚು ಜನರ ಟೂರ್ನಿಗಳಿರುತ್ತವೆ. ಕೊರಿಯಾದ ಐದನೆಯವರೂ ಬರುತ್ತಾರೆ, ಹತ್ತನೆಯವರೂ ಬರುತ್ತಾರೆ. ಹಿಂದೆ ಅಮೆರಿಕನ್ನರು, ಜಪಾನಿನವರು, ಥಾಯ್ ಹುಡುಗಿಯರು. ಅಷ್ಟು ಜನರಲ್ಲಿ ಯಾರಾದರೂ ಒಬ್ಬರ ಐರನ್ ಆ ವಾರ ಬೆಂಕಿಯಾಗಿರುತ್ತದೆ. 2017ರಿಂದ ಆ ಟೂರ್‌ನಲ್ಲಿರುವ ಅದಿತಿಗೆ ಗೆಲುವು ಸಿಗದೇ ಇರುವುದು ಅದೃಷ್ಟದ ಮಾತಲ್ಲ ಅನ್ನಿಸುತ್ತದೆ ನನಗೆ.

ಹಾಂಗ್ಝೌ ಬಗ್ಗೆ ಪರ ವಾದದವರು ಉಸಿರೇ ಎತ್ತಲಿಲ್ಲ, ನೋಡಿದಿರಾ? 2023ರ ಏಷ್ಯನ್ ಗೇಮ್ಸ್. ಮೂರನೇ ಸುತ್ತಿನಲ್ಲಿ ಅದಿತಿ 61 ಹೊಡೆದರು. ಏಳು ಹೊಡೆತ ಮುಂದಿದ್ದರು. ಚಿನ್ನ ಕೈಗೆ ಬಂತು ಅಂತಲೇ ನಾವೆಲ್ಲ ಮಲಗಿದೆವು. ಮರುದಿನ 77. ಥಾಯ್ಲೆಂಡಿನ ಅರ್ಪಿಚಾಯಾ ಯೂಬೋಲ್ 68 ಹೊಡೆದು ಚಿನ್ನ ಒಯ್ದರು. ಬೆಳ್ಳಿಯೂ ಕಡಿಮೆಯಲ್ಲ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕ ಅದು. ಒತ್ತಡ ತಡೆಯಲಿಲ್ಲ ಅಂತ ಸುಮಾರು ಜನ ಸುಮ್ನೆ ಷರಾ ಬರೆದರು. ನಾನು ಹಾಗನ್ನಲ್ಲ. ದೂರ ಹೊಡೆಯುವವರಿಗೆ ಕೆಟ್ಟ ದಿನದಲ್ಲೂ ಪಾರ್-5ಗಳಲ್ಲಿ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿ ಒಂದೆರಡು ಬರ್ಡಿ ಎತ್ತಿಕೊಳ್ಳೋ ದಾರಿ ಇರುತ್ತದೆ. ಅದಿತಿ ಆಟದಲ್ಲಿ ಆ ದಾರಿ ಕಿರಿದು. ಆಟ ಕೈಕೊಟ್ಟ ದಿನ ಹಿಡಿದುಕೊಳ್ಳೋಕೆ ಇನ್ನೊಂದು ಕೊಂಬೆ ಇರಲ್ಲ.

ದೂರ ಹೆಚ್ಚಿಸಿಕೊಳ್ಳಬಹುದಲ್ವಾ ಅಂತ ಕೇಳಬಹುದು. ಅದಿತಿಯೂ ಅದಕ್ಕೆ ದುಡಿದಿದ್ದಾರೆ, 2023ರ ಫಲಿತಾಂಶದಲ್ಲಿ ಅದು ಕಾಣುತ್ತದೆ. ಆದರೆ ಮುಂದಿನವರೂ ಜಿಮ್‌ನಲ್ಲೇ ಇದ್ದಾರಲ್ಲ. ಮರು ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಂದದ್ದು ಜಂಟಿ 29ನೇ ಸ್ಥಾನ.

ಹಾಂಗ್ಝೌಗೆ ಹೋದ ಮಹಿಳಾ ತಂಡದಲ್ಲಿ ಮೂವರೂ ನಮ್ಮವರೇ. ಅದಿತಿ ಜೊತೆಗೆ ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಅವನಿ ಇನ್ನೂ ಶಾಲೆ ಮುಗಿಸುವ ವಯಸ್ಸಿನಲ್ಲಿದ್ದರು. ಈ ಇಬ್ಬರೂ ಆಮೇಲೆ ಯುರೋಪ್ ಟೂರ್ ಸೇರಿದರು. ಎಲ್‌ಪಿಜಿಎ ಗೆಲ್ಲುವ ಮೊದಲ ಭಾರತೀಯಳು ಯಾರು ಅಂತ ಬಾಜಿ ಕಟ್ಟು ಅಂದರೆ ನನ್ನ ನೂರು ರೂಪಾಯಿ ಅವನಿ ಮೇಲೆ.