ನಾಲ್ಕು ಜನ ಸೇರಿ ನುಡಿಸೋಕೆ ಒಂದು ರೂಮು

"ರಾಕ್ ಕಾಲ ಮುಗೀತು, ಈಗೇನಿದ್ದರೂ ರ‍್ಯಾಪ್" ಅನ್ನುವ ಮಾತು ಎಲ್ಲೆಲ್ಲೂ ಕೇಳುತ್ತಿದೆ. ಲೆಕ್ಕ ನೋಡಿದರೆ ಸುಳ್ಳೇನಲ್ಲ. 2017ರಲ್ಲಿ ಅಮೆರಿಕದ ಜನ ಕೇಳುವ ಸಂಗೀತದ ಲೆಕ್ಕ ಹಾಕಿದ ನೀಲ್ಸನ್ ಸಂಸ್ಥೆ, ರ‍್ಯಾಪ್ ಸೇರಿದ ಹಿಪ್‌ಹಾಪ್ ಮತ್ತು ಆರ್ ಅಂಡ್ ಬಿ ಮೊದಲ ಸಲ ರಾಕನ್ನು ಹಿಂದೆ ಹಾಕಿವೆ ಅಂತ ಹೇಳಿತು. ಮರುವರ್ಷ ಗಿಬ್ಸನ್ ಗಿಟಾರ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಿಟಾರ್ ಕಥೆ ಮುಗೀತು ಅಂತ ಸುಮಾರು ಜನ ಬರೆದರು. ಆದರೆ ಗಿಬ್ಸನ್ ಮುಳುಗಿದ್ದು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್ ವ್ಯವಹಾರಕ್ಕೆ ಕೈ ಹಾಕಿ ಮಾಡಿಕೊಂಡ ಸಾಲದಿಂದ. ಅದಾಗಿ ಎರಡೇ ವರ್ಷಕ್ಕೆ, 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಇನ್ನೊಂದು ಗಿಟಾರ್ ಕಂಪನಿ ಫೆಂಡರ್‌ನ ವ್ಯಾಪಾರ ಹಿಂದೆಂದೂ ಇಲ್ಲದಷ್ಟು ಏರಿತು.

ಅಂದರೆ ಗಿಟಾರ್ ಕೊಳ್ಳುವವರು ಇದ್ದಾರೆ. ಬ್ಯಾಂಡ್ ಕಟ್ಟುವವರು ಕಮ್ಮಿಯಾಗಿದ್ದಾರೆ. ನನಗೆ ಸಂಕಟ ಆಗುವುದು ಅದಕ್ಕೇ.

ನಾವು ಕಾಲೇಜಿನಲ್ಲಿದ್ದಾಗ ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮನೆ ತಾರಸಿ ಮೇಲೆ ಒಂದು ಶೀಟಿನ ರೂಮು ಇತ್ತು. ನಾನು ಡ್ರಮ್ಸ್. ಸದ್ದು ಕಮ್ಮಿ ಆಗಲಿ ಅಂತ ಬಾಸ್ ಡ್ರಮ್ಮಿನ ಒಳಗೆ ಹಳೇ ಕಂಬಳಿ ತುರುಕುತ್ತಿದ್ದೆವು. ಒಂದೇ ಚರಣವನ್ನು ಮಧ್ಯಾಹ್ನ ಪೂರ್ತಿ ನುಡಿಸಿದ ದಿನ ಇದೆ. ಬಾಸ್ ಗಿಟಾರ್ ಹುಡುಗ ಕೂದಲೆಳೆಯಷ್ಟು ಮುಂದೆ ಓಡುತ್ತಿದ್ದ. ಅವನನ್ನು ಬೈದರೆ ಸರಿ ಹೋಗುತ್ತಿರಲಿಲ್ಲ, ಅವನ ಕೈ ನೋಡಿಕೊಂಡು ನಾನು ಹಿಡಿದು ನುಡಿಸಬೇಕಿತ್ತು. ಯಾವುದೋ ಒಂದು ಗಳಿಗೆಯಲ್ಲಿ ನಾಲ್ವರೂ ಒಟ್ಟಿಗೆ ಸಮಕ್ಕೆ ಬಂದು ಬಿದ್ದರೆ, ಶೀಟೇ ಅದುರುತ್ತಿತ್ತು. ಆಮೇಲೆ ಕೆಳಗಿನಿಂದ ಅಜ್ಜಿ ಕೂಗುತ್ತಿದ್ದರು: "ಸಾಕು ನಿಲ್ಸ್ರಪ್ಪಾ, ತಲೆ ಸಿಡೀತಿದೆ." ಪಾಪ, ಆದರೂ ಕಾಫಿ ಕಳಿಸದೆ ಇರುತ್ತಿರಲಿಲ್ಲ.

ಈಗ ಅಂಥ ತಾರಸಿಗಳಲ್ಲಿ ಬಾಡಿಗೆ ಮನೆ ಎದ್ದಿದೆ. ಡ್ರಮ್ ಸೆಟ್ಟು, ಆಂಪು (ಗಿಟಾರ್ ಸದ್ದು ದೊಡ್ಡದು ಮಾಡುವ ಡಬ್ಬ) ಇಡೋಕೆ ಜಾಗ ಎಲ್ಲಿದೆ? ರ‍್ಯಾಪ್‌ಗೆ ಒಂದು ಬೀಟು, ಒಂದು ಮೈಕು, ಒಂದು ಫೋನು ಸಾಕು. ರ‍್ಯಾಪ್ ಮೇಲೆ ನನಗೆ ಖಂಡಿತ ಸಿಟ್ಟಿಲ್ಲ. ಮಂಡ್ಯದ ಮಾತಿನ ಓಟಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಕೈಯಲ್ಲಿ ಕಾಸಿಲ್ಲದ ಹುಡುಗನೂ ಹಾಡು ಕಟ್ಟಬಹುದು, ಅದು ದೊಡ್ಡ ವಿಷಯ. ಇನ್ನು ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಡಿಗೆ ಮುಂಚೆ ಒಂದು ನಿಮಿಷ ಗಿಟಾರ್ ನುಡಿಸಿದರೆ ಯಾರು ಕಾಯುತ್ತಾರೆ?

ಹೋದ ವರ್ಷ ನನ್ನ ಅಕ್ಕನ ಮಗನ ಬ್ಯಾಂಡಿಗೆ ಒಂದು ಸಮಾರಂಭದಲ್ಲಿ ಹಾಡುವ ಅವಕಾಶ ಸಿಕ್ಕಿತ್ತು. ಡ್ರಮ್ಸ್ ಜೋಡಿಸೋಕೆ ಸ್ವಲ್ಪ ಟೈಮ್ ಬೇಕು ಅಂದಿದ್ದಕ್ಕೆ ಸೌಂಡಿನವರು, "ಅಷ್ಟೆಲ್ಲಾ ಯಾಕಣ್ಣ, ಪೆನ್‌ಡ್ರೈವ್ ಕೊಡಿ, ಟ್ರ್ಯಾಕ್ ಹಾಕ್ತೀವಿ. ನೀವು ಸುಮ್ನೆ ಕೈ ಆಡಿಸಿ" ಅಂದರು. ಹುಡುಗರು ಸಾಮಾನು ಕಟ್ಟಿಕೊಂಡು ವಾಪಸ್ ಬಂದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಊರು ಹೀಗಿರಲಿಲ್ಲ. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಡ್ಟ್ನರ್ ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿ ಇದ್ದಾಗ ಅವರ ಸಂಗೀತ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ, ವಾದ್ಯವೃಂದ ಸೇರಿ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದರು. ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಕ್ಕೆ ಎಲೆಕ್ಟ್ರಿಕ್ ಗಿಟಾರ್ ಕೂಡಿಸಿದರು. ಅವರ ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಬ್ಯಾಂಡಿನಲ್ಲಿ ಜನಪದವನ್ನೂ ರಾಕನ್ನೂ ಒಟ್ಟಿಗೆ ತಂದರು. ರಾಕ್ ನಮ್ಮದಲ್ಲ ಅನ್ನುವವರು ಅವರನ್ನು ಒಮ್ಮೆ ವೇದಿಕೆ ಮೇಲೆ ಕೇಳಬೇಕು.

ಯುವ ದಸರಾಕ್ಕೆ ರೆಹಮಾನ್, ಇಳಯರಾಜಾ ಬರುವುದು ಖುಷಿಯೇ. 2024ರಲ್ಲಿ ಉತ್ತನಹಳ್ಳಿ ಬಳಿ ಇಬ್ಬರೂ ಬಂದಿದ್ದರು. ಆದರೆ ಮಾನಸಗಂಗೋತ್ರಿ ಬಯಲು ರಂಗಮಂದಿರದ ಯುವ ಸಂಭ್ರಮ ನಮ್ಮ ಕಾಲೇಜು ಮಕ್ಕಳದ್ದು. ಅಲ್ಲಿ ಹೆಚ್ಚಿನದೆಲ್ಲ ಟ್ರ್ಯಾಕಿಗೆ ಕುಣಿತ. ಒಂದು ಸಂಜೆಯನ್ನು ಲೈವ್ ಬ್ಯಾಂಡುಗಳಿಗೆ ಬಿಡಲಿ. ಒಂದು ಡ್ರಮ್ ಸೆಟ್ಟು, ಎರಡು ಗಿಟಾರ್ ಆಂಪು, ಒಂದು ಬಾಸ್ ಆಂಪು ವೇದಿಕೆಯಲ್ಲೇ ಇರಲಿ. ಹುಡುಗರು ಗಿಟಾರ್ ತಗಲಿಸಿಕೊಂಡು ಬಂದರೆ ಸಾಕು, ಸಾಮಾನು ಸಾಗಿಸುವ ಖರ್ಚೂ ಉಳಿಯುತ್ತದೆ. ಕಾಲೇಜುಗಳು ಕ್ಲಾಸ್ ಮುಗಿದ ಮೇಲೆ ಒಂದು ರೂಮಿನ ಬೀಗ ತೆಗೆಯಲಿ.

ಕುವೆಂಪುನಗರ, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಯಾರದ್ದಾದರೂ ಖಾಲಿ ಗೋಡೌನ್ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ವಾರಕ್ಕೆ ಎರಡು ಸಂಜೆ ಸಿಕ್ಕರೂ ಆಯಿತು. ಬಾಡಿಗೆ ನಾವು ನಾಲ್ಕೈದು ಜನ ಸೇರಿ ಹಾಕಿಕೊಳ್ಳುತ್ತೇವೆ. ಡ್ರಮ್ ಸೆಟ್ ನನ್ನದೇ ಇದೆ.