ಮಂಗಳವಾರದ ಉಗುರು ಪಾಠ

ಹನ್ನೊಂದು ವರ್ಷಗಳಿಂದ ಜಯನಗರದ ಸಲೂನೊಂದರಲ್ಲಿ ತಲೆ ತಗ್ಗಿಸಿ ಊರಿನವರ ಉಗುರುಗಳನ್ನು ತಿದ್ದುತ್ತಿದ್ದ ನನ್ನನ್ನು, ನಾವು ಬಳಸುವ ಜೆಲ್ ಪಾಲಿಶ್ ಕಂಪನಿಯವರು ಕರೆದು ‘ಪ್ರಾಡಕ್ಟ್ ಎಜುಕೇಟರ್’ ಮಾಡಿದರು. ಸಲೂನಿನ ಕೆಲಸ ಬಿಡಬೇಕಾಗಿರಲಿಲ್ಲ. ತಿಂಗಳಿಗೆ ಒಂದೆರಡು ಮಂಗಳವಾರ ಬೇರೆ ಊರಿಗೆ ಹೋಗಿ ಅಲ್ಲಿನ ಪಾರ್ಲರಿನವರಿಗೆ ಕಲಿಸಿ ಬಂದರಾಯಿತು. ಮಂಗಳವಾರ ಉಗುರು ಕತ್ತರಿಸಬಾರದೆಂದು ನಮ್ಮ ಅಜ್ಜಿಯರು ಕಟ್ಟಪ್ಪಣೆ ಮಾಡಿರುವುದರಿಂದ ಅಂದು ಸಲೂನು ಹೇಗೂ ಖಾಲಿಯೇ ಇರುತ್ತದೆ. ‘ಟೀಚರ್ ಆದೆಯಂತೆ, ಯಾವ ಸ್ಕೂಲಮ್ಮಾ?’ ಎಂದು ಸಂಭ್ರಮದಿಂದ ಕೇಳಿದ ಅತ್ತೆಯವರು, ವಿಷಯವನ್ನೂ ವಾರವನ್ನೂ ತಿಳಿದ ಮೇಲೆ ದೇವರ ಕೋಣೆಯ ಕಡೆಗೆ ನೋಡಿದರು.

ಕಲಿಸುವ ಮೊದಲು ನಾನೇ ಕಲಿಯಬೇಕಾಯಿತು. ಮುಂಬಯಿಯ ತರಬೇತಿಯಲ್ಲಿ ‘ಬೇಸ್ ಕೋಟ್ ಎಷ್ಟು ದಪ್ಪ ಹಚ್ಚುತ್ತೀರಿ?’ ಎಂದು ಕೇಳಿದಾಗ ‘ಕಣ್ಣಳತೆ’ ಎಂದೆ. ‘ದೀಪದ ಕೆಳಗೆ ಏನಾಗುತ್ತದೆ?’ ಎಂದಾಗ ‘ಒಣಗುತ್ತದೆ’ ಎಂದೆ. ಎರಡೂ ತಪ್ಪು. ಜೆಲ್ ಒಣಗುವುದೇ ಇಲ್ಲವಂತೆ. 365ರಿಂದ 405 ನ್ಯಾನೋಮೀಟರ್‌ವರೆಗಿನ ಬೆಳಕು ಬಿದ್ದೊಡನೆ ಅದರ ಅಣುಗಳು ಕೈ ಕೈ ಹಿಡಿದು ಸರಪಳಿಯಾಗಿ ಗಟ್ಟಿಯಾಗುತ್ತವೆ, ಮೇಲ್ಪದರಕ್ಕೆ ಮಾತ್ರ ಗಾಳಿಯ ಆಮ್ಲಜನಕ ಅಡ್ಡಬರುವುದರಿಂದ ಅದು ಅಂಟಂಟಾಗಿಯೇ ಉಳಿಯುತ್ತದೆ. ಆ ಅಂಟನ್ನು ವರ್ಷಗಟ್ಟಲೆ ಒರೆಸುತ್ತಾ ಬಂದಿದ್ದರೂ ಅದು ಏಕಿದೆಯೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ‘ಒಣಗು’ ಎಂಬ ಪದ ಅಂದಿನಿಂದ ನನಗೆ ನಿಷಿದ್ಧವಾಯಿತು. ಮನೆಯಲ್ಲಿ ತಂತಿಯ ಮೇಲಿನ ಬಟ್ಟೆಯ ವಿಚಾರ ಕೇಳುವಾಗಲೂ ನಾಲಿಗೆ ತಡವರಿಸತೊಡಗಿತು.

ಮೊದಲ ತರಗತಿ ದಾವಣಗೆರೆಯಲ್ಲಿ, ಮಾರ್ಚ್ ತಿಂಗಳಲ್ಲಿ. ಉಗುರಿನ ಮೇಲೆ ಎಣ್ಣೆಯ ಪಸೆ ಎಳ್ಳಷ್ಟಿದ್ದರೂ ಜೆಲ್ ನಾಲ್ಕು ದಿನದಲ್ಲಿ ಅಂಚಿನಿಂದ ಎದ್ದುಬರುತ್ತದೆ ಎಂಬುದು ನನ್ನ ಮೊದಲ ಪಾಠವಾಗಿತ್ತು. ಆತಿಥೇಯರು ಅದಕ್ಕೂ ಮೊದಲೇ ಹದಿನೆಂಟು ಮಂದಿಗೂ ನನಗೂ ಬೆಣ್ಣೆ ದೋಸೆ ತರಿಸಿದ್ದರು. ಹತ್ತು ಗಂಟೆಗೆ ಆರಂಭವಾಗಬೇಕಿದ್ದ ತರಗತಿಯು ಮಿರಮಿರನೆ ಮಿಂಚುತ್ತಿದ್ದ ಹತ್ತೊಂಬತ್ತು ಜೊತೆ ಕೈಗಳು ಒಂದೇ ನಲ್ಲಿಯ ಮುಂದೆ ಸರದಿ ನಿಂತದ್ದರಿಂದ ಹನ್ನೊಂದಕ್ಕೆ ಆರಂಭವಾಯಿತು.

ಪ್ರಾತ್ಯಕ್ಷಿಕೆಗೆ ಕೈಕೊಟ್ಟಿದ್ದ ಹುಡುಗಿಗೆ ಉದ್ದನೆಯ ಉಗುರು ಕಟ್ಟಬೇಕಿತ್ತು. ಸಭಿಕರಿಗೆ ಚೆನ್ನಾಗಿ ಕಾಣಲೆಂದು ಬಿಲ್ಡರ್ ಜೆಲ್ಲನ್ನು ತುಸು ಧಾರಾಳವಾಗಿಯೇ ಹಚ್ಚಿ ಕೈಯನ್ನು ದೀಪದೊಳಗೆ ಇರಿಸಿದೆ. ಆಕೆ ‘ಅಯ್ಯಮ್ಮಾ!’ ಎಂದು ಕಿರುಚಿದಾಗ ನನಗಾದದ್ದು ಗಾಬರಿಯಲ್ಲ, ಸಂತೋಷ. ಏಕೆಂದರೆ ಅದು ಪುಸ್ತಕದ ಮೂರನೆಯ ಅಧ್ಯಾಯವಾಗಿತ್ತು. ‘ನೋಡಿ, ಅಣುಗಳು ಕೂಡಿಕೊಳ್ಳುವಾಗ ಶಾಖ ಹೊರಬೀಳುತ್ತದೆ, ಪದರ ದಪ್ಪವಾದಷ್ಟೂ ಶಾಖ ಹೆಚ್ಚು’ ಎಂದು ಸಭೆಯ ಕಡೆಗೆ ತಿರುಗಿ ವಿವರಿಸತೊಡಗಿದೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಪಾರ್ಲರ್ ಒಡತಿಯೊಬ್ಬರು, ‘ಪಾಠ ಆಮೇಲೆ ಹೇಳ್ರಿ ಮೇಡಂ, ಮೊದ್ಲು ಆ ಹುಡುಗಿ ಕೈ ತಗ್ಸ್ರಿ’ ಎಂದರು. ಸಲೂನಿನಲ್ಲಾಗಿದ್ದರೆ ಗಿರಾಕಿ ಹುಬ್ಬು ಗಂಟಿಕ್ಕುವ ಮೊದಲೇ ಕೈ ತೆಗೆಸುತ್ತಿದ್ದವಳು ನಾನು. ವಿವರಣೆ ಬಾಯಿಗೆ ಬಂದ ದಿನವೇ ಬುದ್ಧಿ ಕೈಯಿಂದ ಹೊರಟುಹೋಗಿತ್ತು.

ಅವರೇ ಮುಂದುವರಿದು, ತಿಳಿಗುಲಾಬಿ ಬಣ್ಣ ಹಚ್ಚಿಸಿಕೊಂಡವರು ಚಿತ್ರಾನ್ನ ಕಲಸಿದರೆ ಅದು ಹಳದಿಯಾಗುತ್ತದಲ್ಲ, ಏನು ಮಾಡಬೇಕು ಎಂದು ಕೇಳಿದರು. ಕೈಪಿಡಿಯಲ್ಲಿ ಈಜುಕೊಳದ ವಿಚಾರವಿತ್ತು, ಅರಿಸಿನದ ಸುದ್ದಿಯಿರಲಿಲ್ಲ. ಆದರೆ ಜಯನಗರದಲ್ಲಿ ಇದೇ ದೂರನ್ನು ವಾರಕ್ಕೆರಡು ಸಲ ಕೇಳುವ ನನಗೆ, ಟಾಪ್ ಕೋಟಿನ ಅಂಟನ್ನು ಪೂರ್ತಿ ಒರೆಸದಿದ್ದರೆ ಕಲೆ ಬೇಗ ಹಿಡಿಯುತ್ತದೆಂದೂ, ಹಬ್ಬಗಳ ಸಾಲಿನಲ್ಲಿ ಗಾಢ ಬಣ್ಣವೇ ಕ್ಷೇಮವೆಂದೂ ಹೇಳುವುದು ಕಷ್ಟವಾಗಲಿಲ್ಲ. ಆ ದಿನ ಎಲ್ಲರೂ ಪೆನ್ನು ತೆರೆದು ಬರೆದುಕೊಂಡ ಮಾತು ಅದೊಂದೇ.

ಮಧ್ಯಾಹ್ನ ಬೆಳಕಿನ ಪಾಠ. ಸೂರ್ಯನ ಬೆಳಕಿನಲ್ಲಿಯೂ ನೇರಳಾತೀತ ಕಿರಣಗಳಿರುವುದರಿಂದ ಜೆಲ್ಲಿನ ಡಬ್ಬಿಯನ್ನು ಎಂದಿಗೂ ತೆರೆದಿಟ್ಟು ಕಿಟಕಿಯ ಬಳಿ ಬಿಡಬಾರದು, ಬ್ರಷ್ಷನ್ನಂತೂ ಬಿಡಲೇಬಾರದು ಎಂಬುದನ್ನು ನಾನು ಸುಮಾರು ಮುಕ್ಕಾಲು ಗಂಟೆ, ಉದಾಹರಣೆಗಳ ಸಹಿತ, ಕಿಟಕಿಗೆ ಬೆನ್ನು ಮಾಡಿ ವಿವರಿಸಿದೆ. ವಿವರಿಸಿ ಮುಗಿಸಿ, ಮುಂದಿನ ಪ್ರಯೋಗಕ್ಕೆಂದು ಹಿಂದೆ ತಿರುಗಿ ಬ್ರಷ್ಷನ್ನು ಎತ್ತಿದರೆ ಡಬ್ಬಿಯೂ ಅದರ ಜೊತೆಗೇ ಎದ್ದುಬಂದಿತು. ಕೋಣೆಯಲ್ಲಿ ಒಂದು ಕ್ಷಣ ಮೌನ; ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇದು ಮೊದಲೇ ಯೋಜಿಸಿದ್ದ ಪ್ರಾತ್ಯಕ್ಷಿಕೆಯೆಂದು ಅವರು ತಿಳಿದಿದ್ದರು, ನಾನು ತಿದ್ದಲಿಲ್ಲ.

ಕಂಪನಿಗೆ ಮಾತ್ರ ನಿಜವನ್ನೇ ಬರೆಯಬೇಕಾಯಿತು. ಹಾಳಾದ ಸರಕಿನ ನಮೂನೆಯಲ್ಲಿ ‘ಒಂದು ಡಬ್ಬಿ, ಒಂದು ಬ್ರಷ್’ ಎಂದು ತುಂಬಿ, ಕಾರಣದ ಕಲಮಿನಲ್ಲಿ ‘ದಾವಣಗೆರೆಯ ಬಿಸಿಲು’ ಎಂದು ಬರೆದು ಕಳುಹಿಸಿದೆ. ಲೆಕ್ಕಪತ್ರ ವಿಭಾಗದವರು ಅದಕ್ಕೆ ರಸೀದಿ ಕೇಳಿದ್ದಾರೆ.